ನಾಳೆ ಎಂಬ ನೆಪ

ಓದುಗರೇ, ಮುಂದೆ ಓದುವುದಕ್ಕೆ ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮಾಡಲೇಬೇಕೆಂದು ನೀವೇ ಒಪ್ಪಿಕೊಂಡಿರುವ, ಮಾಡುವ ಸಾಮರ್ಥ್ಯವೂ ನಿಮಗಿರುವ, ಆದರೂ ತಿಂಗಳುಗಟ್ಟಲೆ ಮಾಡದೆ ಉಳಿದಿರುವ ಕೆಲಸಗಳು ಎಷ್ಟಿವೆ? ಬಹಳ ದೂರ ಹುಡುಕಬೇಕಾಗಿಲ್ಲ. ಪಕ್ಕದ ಮನೆಯವರಿಂದ ತಂದ ಏಣಿ ಇನ್ನೂ ನಮ್ಮ ಹಿತ್ತಲಲ್ಲೇ ಇದೆ. ಕಳೆದ ರಮಝಾನಿನಲ್ಲಿ ಕಾಯಿಲೆಯಿಂದ ಬಿಟ್ಟುಹೋದ ನಾಲ್ಕು ಉಪವಾಸಗಳು ಹಾಗೆಯೇ ಬಾಕಿ ಇವೆ. ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರರು ಬರೆದುಕೊಟ್ಟ ಚೀಟಿ ಅಂಗಿಯ ಜೇಬಿನಿಂದ ಕಪಾಟಿಗೆ ಬಂದು ಅಲ್ಲಿಯೇ ಹಳದಿಯಾಗಿದೆ. ಮಾತು ಬಿಟ್ಟಿರುವ ಚಿಕ್ಕಪ್ಪನ ಮನೆಗೆ ಹೋಗಿ ಸಲಾಮ್ ಹೇಳಿ ಬರಬೇಕೆಂದು ಎರಡು ಈದ್‌ಗಳಿಂದ ಅಂದುಕೊಳ್ಳುತ್ತಲೇ ಇದ್ದೇವೆ.

ಇವುಗಳಲ್ಲಿ ಯಾವುದನ್ನಾದರೂ ‘ಮಾಡುವುದಿಲ್ಲ’ ಎಂದು ನಾವು ಹೇಳಿದ್ದೇವೆಯೇ? ಖಂಡಿತ ಇಲ್ಲ. ಕೇಳಿದವರಿಗೆಲ್ಲ ‘ಮಾಡಬೇಕು’ ಎಂದೇ ಹೇಳಿದ್ದೇವೆ. ನಾವು ನಿರಾಕರಿಸಿದವರಲ್ಲ, ಮುಂದೂಡಿದವರು. ಇವೆರಡರ ನಡುವೆ ದೊಡ್ಡ ಅಂತರವಿದೆಯೆಂದು ನಾವು ನಂಬಿದ್ದೇವೆ. ನಿಜವಾಗಿಯೂ ಇದೆಯೇ? ಈ ಪ್ರಶ್ನೆಯನ್ನು ಇಂದು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿದ್ದೇನೆ.

ಕರ್ನಾಟಕದ ಹಲವು ಊರುಗಳಲ್ಲಿ 1990ರ ದಶಕದಲ್ಲಿ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹವನ್ನು ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ನಾವು ಇದನ್ನು ಮೂಢನಂಬಿಕೆಯೆಂದು ನಕ್ಕು ಬಿಡುತ್ತೇವೆ. ಆದರೆ ನಮ್ಮ ಮನಸ್ಸಿನ ಬಾಗಿಲ ಮೇಲೆ ಅದೇ ಎರಡು ಪದಗಳನ್ನು ಬರೆದಿಟ್ಟುಕೊಂಡಿಲ್ಲವೇ? ವ್ಯತ್ಯಾಸವಿಷ್ಟೇ. ಅವರು ದೆವ್ವಕ್ಕೆ ‘ನಾಳೆ ಬಾ’ ಎಂದರು, ನಾವು ಕರ್ತವ್ಯಕ್ಕೆ ‘ನಾಳೆ ಬಾ’ ಎನ್ನುತ್ತೇವೆ.

‘ಸೌಫ’ ಎಂಬ ಪುಟ್ಟ ಪದ

ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿಸುವಾಗ ನಾವು ಮಕ್ಕಳಿಗೆ ‘ಸೌಫ’ ಎಂಬ ಪದವನ್ನು ಹೇಳಿಕೊಡುತ್ತೇವೆ. ಕ್ರಿಯಾಪದದ ಮುಂದೆ ಇದನ್ನು ಸೇರಿಸಿದರೆ ಕೆಲಸವು ಮುಂದಿನ ಕಾಲಕ್ಕೆ ಹೋಗುತ್ತದೆ. ‘ಬರೆಯುತ್ತಾನೆ’ ಎಂಬುದು ‘ಮುಂದೆ ಬರೆಯುವನು’ ಎಂದಾಗುತ್ತದೆ. ಈ ‘ಸೌಫ’ದಿಂದಲೇ ‘ತಸ್ವೀಫ್’ ಎಂಬ ಪದ ಹುಟ್ಟಿದೆ. ಸದಾ ‘ಆಮೇಲೆ, ಆಮೇಲೆ’ ಎನ್ನುತ್ತಾ ಕೆಲಸವನ್ನು ತಳ್ಳುತ್ತಾ ಹೋಗುವುದೇ ತಸ್ವೀಫ್. ನಮ್ಮ ವಿದ್ವಾಂಸರು ಇದನ್ನು ಹೃದಯದ ರೋಗಗಳಲ್ಲೊಂದೆಂದು ಎಣಿಸಿದ್ದಾರೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಸೌಕರ್ಯವಿದೆ. ಇಂಥ ಪದವೊಂದನ್ನು ಸೇರಿಸುವ ಶ್ರಮವೂ ನಮಗಿಲ್ಲ. ‘ಕೊಡುತ್ತೇನೆ’ ಎಂದರೆ ಸಾಕು. ಅದು ಈಗ ಎಂದೂ ಆಗುತ್ತದೆ, ನಾಳೆ ಎಂದೂ ಆಗುತ್ತದೆ. ಕೇಳಿದವನಿಗೆ ಅದು ಈ ವಾರದ ಮಾತು, ಹೇಳಿದವನಿಗೆ ಅದು ಮುಂದಿನ ವರ್ಷದ ಮಾತು. ಇಬ್ಬರೂ ಒಂದೇ ಮಾತನ್ನು ನಂಬಿಕೊಂಡು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ‘ನಾಳೆ ಎಂದವನ ಮನೆ ಹಾಳು’ ಎಂಬ ನಮ್ಮ ಗಾದೆಯನ್ನು ನೀವು ಕೇಳಿದ್ದೀರಿ. ಆದರೆ ಅನೇಕ ಸಲ ‘ನಾಳೆ’ ಎಂದವನ ಮನೆ ಚೆನ್ನಾಗಿಯೇ ಇರುತ್ತದೆ, ಅವನ ಮಾತನ್ನು ನಂಬಿ ಕಾದವನ ಮನೆ ಹಾಳಾಗುತ್ತದೆ.

ಕಅಬ್ ಬಿನ್ ಮಾಲಿಕ್ (ರ) ಅವರ ಆ ಮುಂಜಾನೆಗಳು

ಮುಂದೂಡುವವನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಹದೀಸ್ ಗ್ರಂಥಗಳಲ್ಲಿ ಬಂದಿರುವ ಒಂದು ಘಟನೆಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದನ್ನು ನಾನು ಕಂಡಿಲ್ಲ. ಅದನ್ನು ಹೇಳಿದವರು ಆ ತಪ್ಪನ್ನು ಮಾಡಿದವರೇ. ಅನ್ಸಾರ್‌ಗಳಲ್ಲಿ ಒಬ್ಬರೂ ಕವಿಯೂ ಆಗಿದ್ದ ಕಅಬ್ ಬಿನ್ ಮಾಲಿಕ್ (ರ) ಅವರು. ವೃದ್ಧಾಪ್ಯದಲ್ಲಿ ಕಣ್ಣು ಕಾಣದಾದ ಅವರನ್ನು ಕೈಹಿಡಿದು ನಡೆಸುತ್ತಿದ್ದ ಮಗ ಅಬ್ದುಲ್ಲಾರು ತಂದೆಯ ಬಾಯಿಂದ ಕೇಳಿ ಅದನ್ನು ನಮಗೆ ತಲುಪಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ದಾಖಲಾಗಿದೆ.

ಅದು ಹಿಜ್‌ರಿ 9ನೇ ವರ್ಷ, ಅಂದರೆ ಕ್ರಿ.ಶ. 630. ಪ್ರವಾದಿಯವರು (ಸ) ತಬೂಕ್ ಯಾತ್ರೆಗೆ ಸಿದ್ಧರಾಗುವಂತೆ ಮದೀನಾದ ಜನರಿಗೆ ಕರೆ ಕೊಟ್ಟರು. ತಬೂಕ್ ಇರುವುದು ಮದೀನಾದಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್ ದೂರದಲ್ಲಿ. ಕಡು ಬೇಸಿಗೆ, ಮರಳುಗಾಡಿನ ದಾರಿ. ಊರಿನಲ್ಲಾದರೋ ಹಣ್ಣು ಮಾಗುವ ಕಾಲ, ತೋಟದ ನೆರಳು ಹಿತವಾಗಿದ್ದ ಕಾಲ.

ಕಅಬ್ (ರ) ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಹಿಂದೆಂದೂ ಇಲ್ಲದಷ್ಟು ಅನುಕೂಲ, ಹಿಂದೆಂದೂ ಇಲ್ಲದಷ್ಟು ಆರೋಗ್ಯ ಆಗ ತನಗಿತ್ತೆಂದು, ಎರಡು ಸವಾರಿ ಪ್ರಾಣಿಗಳು ಒಟ್ಟಿಗೆ ತನ್ನ ಬಳಿ ಇದ್ದದ್ದು ಆ ಸಲವೇ ಎಂದು ಅವರೇ ಹೇಳುತ್ತಾರೆ. ಮುಂಜಾನೆ ಸಿದ್ಧತೆಗೆಂದು ಹೊರಡುವರು. ಏನೂ ಮಾಡದೆ ಹಿಂದಿರುಗುವರು. ‘ನನಗೇನು, ಬೇಕೆಂದಾಗ ಮಾಡಿಕೊಳ್ಳಬಲ್ಲೆ’ ಎಂದು ತಮಗೆ ತಾವೇ ಹೇಳಿಕೊಳ್ಳುವರು. ಹೀಗೆ ದಿನಗಳು ಸರಿದವು. ಒಂದು ಬೆಳಿಗ್ಗೆ ಸೇನೆ ಹೊರಟೇ ಬಿಟ್ಟಿತು. ಆಗಲೂ ಅವರು ಬಿಟ್ಟುಕೊಡಲಿಲ್ಲ. ಒಂದೆರಡು ದಿನದಲ್ಲಿ ಸಿದ್ಧನಾಗಿ ಹೋಗಿ ಸೇರಿಕೊಂಡರಾಯಿತು ಎಂದುಕೊಂಡರು. ಆ ಒಂದೆರಡು ದಿನವೂ ಕಳೆಯಿತು. ಸೇನೆ ದೂರ ಸಾಗಿತು. ಕೊನೆಗೆ ಊರಿನ ಬೀದಿಯಲ್ಲಿ ನಡೆದಾಗ ಅವರಿಗೆ ಕಂಡವರು ಇಬ್ಬಗೆಯ ಜನರು ಮಾತ್ರ. ಕಪಟ ವಿಶ್ವಾಸಿಗಳೆಂದು ಹೆಸರಾದವರು ಮತ್ತು ನಡೆಯಲಾಗದ ಅಶಕ್ತರು. ಆ ಎರಡು ಗುಂಪುಗಳಲ್ಲಿ ಯಾವುದಕ್ಕೂ ಸೇರದ ತಾನು ಅವರ ನಡುವೆ ನಿಂತಿದ್ದೇನೆಂಬ ಅರಿವು ಅವರನ್ನು ಸುಟ್ಟಿತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಕಅಬ್ (ರ) ಅವರಲ್ಲಿ ಕೊರತೆಯಿದ್ದದ್ದು ಯಾವುದರದ್ದು? ವಿಶ್ವಾಸದ್ದಲ್ಲ. ಅವರು ಅಕಬಾದ ಪ್ರತಿಜ್ಞೆಯಲ್ಲಿ ಪಾಲ್ಗೊಂಡಿದ್ದವರು. ಸಾಮರ್ಥ್ಯದ ಕೊರತೆಯೂ ಅಲ್ಲ. ಸಂಕಲ್ಪದ ಕೊರತೆಯೆನ್ನೋಣವೇ? ಸಂಕಲ್ಪವಂತೂ ಪ್ರತಿದಿನ ಮುಂಜಾನೆ ಇತ್ತು. ನನಗೆ ತೋರುವ ಮಟ್ಟಿಗೆ ಸಂಕಟವಿದ್ದದ್ದೇ ಅಲ್ಲಿ. ಪ್ರತಿ ಮುಂಜಾನೆ ಮಾಡಿಕೊಂಡ ಸಂಕಲ್ಪವು ಆ ದಿನದ ಮಟ್ಟಿಗೆ ಮನಸ್ಸನ್ನು ಸಮಾಧಾನಪಡಿಸುತ್ತಿತ್ತು. ಹೊರಟಂತೆಯೇ ಆಯಿತು ಎಂಬ ತೃಪ್ತಿಯನ್ನು ಅದು ಕೊಡುತ್ತಿತ್ತು. ‘ಹೋಗುವುದಿಲ್ಲ’ ಎಂದು ಒಂದು ದಿನ ಗಟ್ಟಿಯಾಗಿ ಹೇಳಿಕೊಂಡಿದ್ದರೆ ಅವರ ಮನಸ್ಸಾಕ್ಷಿ ಆ ರಾತ್ರಿ ಅವರನ್ನು ಮಲಗಗೊಡುತ್ತಿರಲಿಲ್ಲ. ಬೆಳಗಾಗುವುದರೊಳಗೆ ಅವರು ಒಂಟೆಯ ಮೇಲಿರುತ್ತಿದ್ದರು.

ನಿರಾಕರಣೆಗೂ ಮುಂದೂಡುವಿಕೆಗೂ ಇರುವ ವ್ಯತ್ಯಾಸ ಇದು. ನಿರಾಕರಿಸಿದವನಿಗೆ ತಾನು ನಿರಾಕರಿಸಿದ್ದೇನೆಂಬುದು ಗೊತ್ತಿರುತ್ತದೆ. ಅದು ಅವನನ್ನು ಚುಚ್ಚುತ್ತದೆ. ಮುಂದೂಡಿದವನಿಗೆ ಒಪ್ಪಿಕೊಂಡ ಸಂತೋಷವೂ ಸಿಗುತ್ತದೆ, ಮಾಡದಿರುವ ಆರಾಮವೂ ಸಿಗುತ್ತದೆ. ಆದ್ದರಿಂದಲೇ ಮನಸ್ಸಾಕ್ಷಿಯುಳ್ಳ ಸಜ್ಜನರು ಹೆಚ್ಚಾಗಿ ಬೀಳುವುದು ಈ ಎರಡನೆಯ ಹಳ್ಳಕ್ಕೆ. ನಿಯ್ಯತ್ ಕರ್ಮದ ಜೀವಾಳ, ನಿಜ. ಆದರೆ ಬೀಜವನ್ನು ಬಿತ್ತದೆ ಕಣಜದಲ್ಲಿ ಇಟ್ಟುಕೊಂಡು ಬೆಳೆ ಬಂದಷ್ಟೇ ಸಂತೋಷಪಡುವ ರೈತನಿಗೆ ನಾವು ಏನೆನ್ನುತ್ತೇವೆ?

ಅದೇ ನೆರಳಿನಿಂದ ಎದ್ದು ಹೋದವರು

ಅದೇ ಯಾತ್ರೆಗೆ ತಡಮಾಡಿದ ಇನ್ನೊಬ್ಬ ಸಹಾಬಿಯೂ ಇದ್ದರು. ಅಬೂ ಖೈಸಮಾ (ರ). ಸೇನೆ ಹೊರಟು ಕೆಲವು ದಿನಗಳಾಗಿದ್ದವು. ಬಿಸಿಲಿನ ಒಂದು ಮಧ್ಯಾಹ್ನ ಅವರು ತಮ್ಮ ತೋಟಕ್ಕೆ ಬಂದರು. ಅವರ ಇಬ್ಬರು ಪತ್ನಿಯರೂ ತಂತಮ್ಮ ಚಪ್ಪರಕ್ಕೆ ನೀರು ಚಿಮುಕಿಸಿ ತಂಪು ಮಾಡಿ, ಕುಡಿಯಲು ತಣ್ಣೀರಿಟ್ಟು, ಊಟ ಸಿದ್ಧಪಡಿಸಿ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತ ಅವರಿಗೆ ಪ್ರವಾದಿಯವರು (ಸ) ಆ ಹೊತ್ತಿನಲ್ಲಿ ಬಿಸಿಲು ಬಿಸಿಗಾಳಿಗಳ ನಡುವೆ ಇರುವುದು ನೆನಪಾಯಿತು. ಇದು ನ್ಯಾಯವಲ್ಲ ಎಂದುಕೊಂಡರು. ಯಾರ ಚಪ್ಪರದೊಳಗೂ ಕಾಲಿಡಲಿಲ್ಲ. ದಾರಿಯ ಬುತ್ತಿ ಕಟ್ಟಿಸಿಕೊಂಡು ಒಂಟೆಯೇರಿ ಹೊರಟವರು ತಬೂಕ್‌ನಲ್ಲಿ ಪ್ರವಾದಿಯವರನ್ನು (ಸ) ಸೇರಿಕೊಂಡರು.

ತಡಮಾಡಿದವರು ಇಬ್ಬರೂ ಹೌದು. ವಿಶ್ವಾಸಿಗಳು ಇಬ್ಬರೂ ಹೌದು. ಅಬೂ ಖೈಸಮಾರ ಸಂಕಲ್ಪ ಹೆಚ್ಚು ದೊಡ್ಡದಾಗಿತ್ತೆಂದು ಹೇಳಲು ಆಧಾರವಿಲ್ಲ. ಅವರು ಮಾಡಿದ್ದು ಒಂದೇ. ನೆನಪಾದ ಗಳಿಗೆಯಲ್ಲಿ ಕುಳಿತುಕೊಳ್ಳಲಿಲ್ಲ. ಊಟ ಮುಗಿಸಿ ಬಿಸಿಲು ಇಳಿದ ಮೇಲೆ ಹೊರಡೋಣ ಎಂದು ಚಪ್ಪರದೊಳಗೆ ಕಾಲಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ತಡವಾದವನಿಗೂ ದಾರಿ ಮುಚ್ಚಿಲ್ಲ ಎಂಬ ಸಮಾಧಾನ ಇದರಲ್ಲಿದೆ. ಆದರೆ ಆ ದಾರಿ ಹೊಸ್ತಿಲಲ್ಲೇ ತಿರುಗುತ್ತದೆ ಎಂಬ ಎಚ್ಚರಿಕೆಯೂ ಇದೆ.

ನನ್ನದೇ ಒಂದು ತಪ್ಪು

ಇಷ್ಟೆಲ್ಲ ಹೇಳುವ ನಾನು ಈ ವಿಷಯದಲ್ಲಿ ಶುದ್ಧನೇನಲ್ಲ. ಪರರಿಗೆ ಉಪದೇಶ ಮಾಡುವ ಮುನ್ನ ನನ್ನ ತಪ್ಪನ್ನು ನಿಮ್ಮ ಮುಂದಿಡುವುದು ಸರಿಯೆಂದು ತೋರುತ್ತದೆ.

ನಮ್ಮ ತಂದೆ ತೀರಿಕೊಂಡಾಗ ನಾವು ಮೂವರು ಮಕ್ಕಳು. ನನ್ನ ಅಣ್ಣ, ನಾನು, ತಂಗಿ. ತಾಯಿ ಮೊದಲೇ ತೀರಿಹೋಗಿದ್ದರು. ಉಳಿದದ್ದು ಒಂದು ಮನೆ ಮತ್ತು ಅದರ ಹಿಂದಿನ ಸ್ವಲ್ಪ ಅಡಿಕೆ ತೋಟ. ಶರೀಅತ್ತಿನ ಪ್ರಕಾರ ಆಸ್ತಿಯನ್ನು ಐದು ಪಾಲು ಮಾಡಿದರೆ ನಮಗಿಬ್ಬರಿಗೆ ಎರಡೆರಡು, ತಂಗಿಗೆ ಒಂದು. ಇದನ್ನು ಲೆಕ್ಕ ಹಾಕಿ ಹೇಳಿದವನು ನಾನೇ. ಮದ್ರಸದಲ್ಲಿ ಮೀರಾಸ್ ಅಂದರೆ ವಾರಸು ಹಕ್ಕಿನ ಪಾಠ ಕಲಿತವನಲ್ಲವೇ! ಅಣ್ಣನೂ ಒಪ್ಪಿದರು. ತಂಗಿಯ ಪಾಲನ್ನು ಹಣದ ರೂಪದಲ್ಲಿ ಕೊಡುವುದೆಂದು ತೀರ್ಮಾನವಾಯಿತು. ಯಾರೂ ಇಲ್ಲವೆನ್ನಲಿಲ್ಲ.

ಮೊದಲ ವರ್ಷ ಅಡಿಕೆಗೆ ಕೊಳೆರೋಗ ಬಂತು. ಮುಂದಿನ ಕೊಯ್ಲಿಗೆ ಕೊಡೋಣ ಎಂದೆವು. ಎರಡನೆಯ ವರ್ಷ ಮನೆಯ ಮಾಡು ರಿಪೇರಿಗೆ ಬಂತು. ಆಮೇಲೆ ಅಣ್ಣನ ಮಗಳ ಮದುವೆ. ಆಮೇಲೆ ರಮಝಾನ್ ಕಳೆಯಲಿ ಎಂದೆವು. ರಮಝಾನ್ ಕಳೆಯಿತು, ಬಕ್ರೀದ್ ಬಂತು, ಮಳೆಗಾಲ ಬಂತು. ಹೀಗೆ ಆರು ವರ್ಷ. ತಂಗಿ ಒಂದು ದಿನವೂ ಕೇಳಲಿಲ್ಲ. ಅವಳು ಕೇಳದಿರುವುದನ್ನು ನಾನು ಅವಳ ಒಪ್ಪಿಗೆಯೆಂದು ತಿಳಿದುಕೊಂಡೆ. ತವರಿನ ದಾರಿ ಮುಚ್ಚಿಹೋದೀತೆಂದು ಹೆದರಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲವೆಂಬ ಸತ್ಯ ಶುಕ್ರವಾರದ ಭಾಷಣಗಳಲ್ಲಿ ಮಾತ್ರ ನನಗೆ ನೆನಪಾಗುತ್ತಿತ್ತು.

ಒಂದು ಮದುವೆ ಮನೆಯಲ್ಲಿ ಅವಳು ಊಟ ಬಡಿಸುತ್ತಿದ್ದಾಗ ಅವಳ ಕೈಗಳಲ್ಲಿ ಗಾಜಿನ ಬಳೆಗಳಷ್ಟೇ ಇರುವುದು ಕಣ್ಣಿಗೆ ಬಿತ್ತು. ತಾಯಿಯ ಎರಡು ಚಿನ್ನದ ಬಳೆಗಳನ್ನು ಅವಳು ಯಾವ ಮದುವೆಗೂ ಹಾಕದೆ ಬಂದವಳಲ್ಲ. ವಿಚಾರಿಸಿದೆ. ಎರಡು ವರ್ಷದ ಹಿಂದೆ ಅವಳ ಗಂಡನಿಗೆ ಶಸ್ತ್ರಚಿಕಿತ್ಸೆಯಾದಾಗ ಬಳೆಗಳನ್ನು ಅಡವಿಟ್ಟಿದ್ದಳು. ಬಿಡಿಸಿಕೊಳ್ಳಲು ಆಗಲಿಲ್ಲ. ನೋಟೀಸು ಬಂತು, ಅವು ಹರಾಜಾಗಿ ಹೋದವು. ಆ ದಿನಗಳಲ್ಲಿ ನಾನು ಎರಡು ಸಲ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿ ಅವಳ ಗಂಡನಿಗಾಗಿ ದುಆ ಮಾಡಿ ಬಂದಿದ್ದೆ. ಅವಳದೇ ಹಣ ನನ್ನ ಕೈಯಲ್ಲಿತ್ತು. ಅವಳ ಕೈಗೆ ನಾನು ಕೊಟ್ಟದ್ದು ಮೂಸಂಬಿ!

‘ನನಗೊಂದು ಮಾತು ಹೇಳಬಾರದಿತ್ತೇ?’ ಎಂದು ಕೇಳಿದೆ.

‘ನೀವು ಕೊಡುತ್ತೀರೆಂದು ಗೊತ್ತಿತ್ತಲ್ಲ ಅಣ್ಣಾ, ಕೇಳುವುದು ಏನು?’ ಎಂದಳು ಅವಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಣ್ಣನ ಬಳಿ ಹೋದೆ. ಊರಿನ ಇಬ್ಬರು ಹಿರಿಯರನ್ನು ಕರೆಸಿ ಬೆಲೆ ಕಟ್ಟಿಸಿದೆವು. ಸೊಸೈಟಿಯಿಂದ ಸ್ವಲ್ಪ ಸಾಲ ತೆಗೆದೆವು. ಪತ್ರ ಬರೆಯುವವರ ಬಳಿ ಹಕ್ಕು ಬಿಡುಗಡೆ ಪತ್ರ ಬರೆಸಿ, ನೋಂದಣಿ ಮಾಡಿಸಿ, ಹಣವನ್ನು ಅವಳ ಖಾತೆಗೆ ಹಾಕಿದೆವು. ಎಲ್ಲ ಮುಗಿಯಲು ಹಿಡಿದದ್ದು ಹನ್ನೊಂದು ದಿನ. ಆರು ವರ್ಷ ಸಾಲದೆ ಹೋಗಿದ್ದ ಕೆಲಸಕ್ಕೆ ಹನ್ನೊಂದು ದಿನ! ಹಣ ಅವಳಿಗೆ ಸೇರಿತು. ತಾಯಿಯ ಬಳೆಗಳು ಮಾತ್ರ ಬರಲಿಲ್ಲ. ತಡವಾಗಿ ಕೊಟ್ಟ ಹಕ್ಕು ಪೂರ್ತಿಯಾಗಿ ಕೊಟ್ಟ ಹಕ್ಕಾಗುವುದಿಲ್ಲವೆಂದು ನಾನು ಕಲಿತದ್ದು ಯಾವ ಕಿತಾಬಿನಿಂದಲೂ ಅಲ್ಲ, ಆ ಗಾಜಿನ ಬಳೆಗಳಿಂದ.

ವಿಳಂಬವೆಲ್ಲ ತಪ್ಪೇ?

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಅವಸರವು ಶೈತಾನನದೆಂದು ಹಿರಿಯರು ಹೇಳುವುದಿಲ್ಲವೇ? ತಾಳಿದವನು ಬಾಳಿಯಾನು ಎಂಬ ಗಾದೆಯೂ ಇದೆಯಲ್ಲ? ಹಾಗಾದರೆ ಎಲ್ಲ ವಿಳಂಬವೂ ಪಾಪವೇ?

ಅಲ್ಲ. ಅಬ್ದುಲ್ ಕೈಸ್ ಗೋತ್ರದ ಅಶಜ್ಜ್‌ರಲ್ಲಿ ಅಲ್ಲಾಹನು ಮೆಚ್ಚುವ ಎರಡು ಗುಣಗಳಿವೆಯೆಂದು ಪ್ರವಾದಿಯವರು (ಸ) ಹೇಳಿದ್ದು ಸಹನೆ ಮತ್ತು ಸಾವಧಾನದ ಬಗ್ಗೆಯೇ. ಮದುವೆಯ ಮಾತುಕತೆ, ತಲಾಖ್‌ನ ಮಾತು, ಕೋಪದಲ್ಲಿ ಬರೆಯುವ ಪತ್ರ ಇವೆಲ್ಲ ಒಂದು ರಾತ್ರಿ ಕಳೆದ ಮೇಲೆ ಆದರೆ ಒಳ್ಳೆಯದೇ.

‘ಸೌಫ’ ಎಂಬ ಆ ಪದವನ್ನೇ ತೆಗೆದುಕೊಳ್ಳಿ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ತಪ್ಪಿತಸ್ಥ ಮಕ್ಕಳು ತಂದೆ ಯಅಕೂಬ್‌ರ (ಅ) ಮುಂದೆ ನಿಂತು ತಮಗಾಗಿ ಕ್ಷಮೆ ಬೇಡಬೇಕೆಂದು ಕೇಳಿಕೊಂಡಾಗ ಅವರು ಉತ್ತರಿಸಿದ್ದು ಇದೇ ‘ಸೌಫ’ದಿಂದ. ಮುಂದೆ ನಿಮಗಾಗಿ ಕ್ಷಮೆ ಬೇಡುವೆನು ಎಂಬುದು ಅದರ ಭಾವ. ಆ ಮಹಾನುಭಾವರು ತಳ್ಳಿಹಾಕಿದರೇ? ಇಲ್ಲ. ಪ್ರಾರ್ಥನೆಗೆ ಶ್ರೇಷ್ಠವಾದ ಸಹರ್‌ನ ಹೊತ್ತಿಗಾಗಿ, ಅಂದರೆ ರಾತ್ರಿಯ ಕೊನೆಯ ಜಾವಕ್ಕಾಗಿ ಅವರು ಅದನ್ನು ಕಾದಿರಿಸಿದರೆಂದು ಹಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆಯಿಶಾ (ರ) ಅವರು ರಮಝಾನಿನಲ್ಲಿ ಬಿಟ್ಟುಹೋದ ಉಪವಾಸಗಳನ್ನು ಮುಂದಿನ ಶಅಬಾನಿನಲ್ಲಿ ಪೂರ್ತಿಗೊಳಿಸುತ್ತಿದ್ದರೆಂದು ಬುಖಾರಿಯಲ್ಲಿದೆ. ಅದಕ್ಕೆ ಕಾರಣವೂ ಇತ್ತು, ಒಂದು ಗಡುವೂ ಇತ್ತು, ಆ ಗಡುವಿನೊಳಗೆ ಕೆಲಸವೂ ಮುಗಿಯುತ್ತಿತ್ತು. ಹೊತ್ತು ಗೊತ್ತುಪಡಿಸಿದ ನಾಳೆಯು ಒಂದು ಏರ್ಪಾಟು. ಹೊತ್ತು ಗೊತ್ತಿಲ್ಲದ ನಾಳೆಯು ಒಂದು ನೆಪ.

ಇನ್ನೊಂದು ಅಳತೆಗೋಲು ಇದಕ್ಕಿಂತಲೂ ಮುಖ್ಯವಾದುದು. ಸಾಲಗಾರನು ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಅಲ್‌ಬಕರಾ ಅಧ್ಯಾಯವು ಸಾಲ ಕೊಟ್ಟವನಿಗೆ ಬೋಧಿಸುತ್ತದೆ. ಅದೇ ಹೊತ್ತಿಗೆ, ಅನುಕೂಲವಿದ್ದೂ ಸಾಲ ತೀರಿಸಲು ತಡಮಾಡುವುದು ಅನ್ಯಾಯವೆಂದು ಪ್ರವಾದಿಯವರು (ಸ) ಎಚ್ಚರಿಸಿದ್ದಾರೆ. ಎರಡೂ ಕಡೆ ಇರುವುದು ವಿಳಂಬವೇ. ಒಂದು ಪುಣ್ಯ, ಇನ್ನೊಂದು ಅನ್ಯಾಯ. ಏಕೆ? ನನಗೆ ಬರಬೇಕಾದುದನ್ನು ನಾನು ಮುಂದೂಡಿದರೆ ಅದು ನನ್ನ ಔದಾರ್ಯ. ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ನಾನು ಮುಂದೂಡಿದರೆ ನನ್ನದಲ್ಲದ ಕಾಲವನ್ನು ನಾನು ಖರ್ಚು ಮಾಡುತ್ತಿದ್ದೇನೆ. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಬೋಧನೆಯ ಅರ್ಥವೂ ಇದೇ. ನಮಗೆ ‘ಸೋಮವಾರ ಬಾರಯ್ಯ’ ಎಂಬುದು ಬರಿಯ ಮಾತು. ಅವನಿಗೆ ಶನಿವಾರ ಮತ್ತು ಭಾನುವಾರದ ಅಕ್ಕಿ.

ಹಾಗಾದರೆ ನಮ್ಮ ಬಾಕಿಯ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಮದುವೆಯ ದಿನ ಬಾಯಿಮಾತಿನಲ್ಲಿ ಒಪ್ಪಿ ಇಂದಿಗೂ ಕೊಡದ ಮಹರ್ ಯಾರದು? ಪತ್ನಿಯದು. ಝಕಾತಿನ ಲೆಕ್ಕ ಹಾಕದೆ ಕಳೆದ ತಿಂಗಳುಗಳು ಯಾರವು? ಬಡವರವು. ಬರೆಯದೆ ಉಳಿದ ವಸಿಯ್ಯತ್, ಯಾರಿಗೂ ತಿಳಿಸದೆ ಇಟ್ಟುಕೊಂಡ ಸಾಲದ ವಿವರ, ಇವುಗಳ ಹೊರೆ ನಾಳೆ ಯಾರ ಮೇಲೆ ಬೀಳುತ್ತದೆ? ಮಕ್ಕಳ ಮೇಲೆ. ಮಾಡಿಸದೆ ಬಿಟ್ಟ ಆ ರಕ್ತ ಪರೀಕ್ಷೆ ಕೂಡ ನಮ್ಮೊಬ್ಬರದಲ್ಲ. ಕಾಯಿಲೆ ಬಲಿತ ಮೇಲೆ ರಾತ್ರಿಯೆಲ್ಲ ಎದ್ದು ಕೂರುವವರು ಮನೆಯವರು. ನಾವು ‘ನನ್ನ ಕೆಲಸ, ನನ್ನ ಸೋಮಾರಿತನ’ ಎಂದುಕೊಂಡಿರುವುದರಲ್ಲಿ ಹೆಚ್ಚಿನವು ಇನ್ನೊಬ್ಬರ ಹಕ್ಕುಗಳು.

ಇನ್ಶಾ ಅಲ್ಲಾಹ್ ಎಂಬ ಮಾತು

ನಾಳೆ ಇದನ್ನು ಮಾಡಿಯೇ ತೀರುತ್ತೇನೆ ಎಂದು ಅಲ್ಲಾಹನ ಇಚ್ಛೆಯನ್ನು ಸೇರಿಸದೆ ಹೇಳಬಾರದೆಂದು ಅಲ್‌ಕಹ್ಫ್ ಅಧ್ಯಾಯವು ನಮಗೆ ಕಲಿಸಿದೆ. ನಾಳೆಯು ನಮ್ಮ ಕೈಯಲ್ಲಿಲ್ಲ ಎಂಬ ವಿನಯವನ್ನು ಕಲಿಸಲು ಬಂದ ಮಾತು ಅದು. ಆದರೆ ನಮ್ಮ ಪೇಟೆಯಲ್ಲಿ ಅದರ ಗತಿ ಏನಾಗಿದೆ? ದರ್ಜಿಯು ‘ಈದ್‌ಗೆ ಖಂಡಿತ ಕೊಡುತ್ತೇನೆ’ ಎಂದರೆ ನಾವು ನಂಬುತ್ತೇವೆ. ‘ಇನ್ಶಾ ಅಲ್ಲಾಹ್ ಕೊಡುತ್ತೇನೆ’ ಎಂದರೆ ಬೇರೆ ದರ್ಜಿಯನ್ನು ಹುಡುಕುತ್ತೇವೆ! ಕೊಡುವುದಿಲ್ಲವೆಂದು ಮುಖ ಮುರಿದು ಹೇಳಲಾಗದ್ದಕ್ಕೆ ಅಲ್ಲಾಹನ ಹೆಸರನ್ನು ಮರೆಯಾಗಿ ಹಿಡಿಯುವುದು ಎಷ್ಟು ದೊಡ್ಡ ತಪ್ಪೆಂದು ಯೋಚಿಸಿ. ನಾಳೆ ನನ್ನದಲ್ಲವೆಂದು ನಿಜವಾಗಿ ನಂಬಿದವನು ಕೆಲಸವನ್ನು ನಾಳೆಗೆ ಬಿಡುವುದಾದರೂ ಹೇಗೆ? ಆ ಮಾತನ್ನು ಹೃದಯದಿಂದ ಆಡಿದವನ ಕೈ ಇಂದೇ ಕೆಲಸಕ್ಕೆ ಹೋಗಬೇಕು.

ದಾರಿ ಯಾವುದು?

ಕಅಬ್ (ರ) ಅವರ ಕಥೆಯ ಉಳಿದ ಭಾಗದಲ್ಲಿ ಔಷಧವೂ ಇದೆ. ಪ್ರವಾದಿಯವರು (ಸ) ತಬೂಕ್‌ನಿಂದ ಹಿಂದಿರುಗಿದಾಗ ಎಂಬತ್ತಕ್ಕೂ ಹೆಚ್ಚು ಜನ ಬಂದು ಒಂದೊಂದು ಕಾರಣ ಹೇಳಿ ಪಾರಾದರು. ಮಾತಿನ ಕಲೆ ಬಲ್ಲ ಕವಿಯಾಗಿದ್ದ ಕಅಬ್‌ಗೆ (ರ) ಒಂದು ಕಾರಣ ಕಟ್ಟುವುದು ಕಷ್ಟವಾಗಿರಲಿಲ್ಲ. ಆದರೆ ತನಗೆ ಯಾವ ಕಾರಣವೂ ಇರಲಿಲ್ಲವೆಂದು ಅವರು ಸತ್ಯವನ್ನೇ ನುಡಿದರು. ಮುರಾರಾ ಬಿನ್ ರಬೀಅ್ ಮತ್ತು ಹಿಲಾಲ್ ಬಿನ್ ಉಮಯ್ಯಾ (ರ) ಎಂಬ ಇನ್ನಿಬ್ಬರೂ ಹಾಗೆಯೇ ಸತ್ಯ ಹೇಳಿದ್ದರು. ಈ ಮೂವರೊಡನೆ ಯಾರೂ ಮಾತಾಡಬಾರದೆಂದು ಆಜ್ಞೆಯಾಯಿತು. ಐವತ್ತು ದಿನ ಊರಿಗೆ ಊರೇ ಮೌನವಾಯಿತು. ಆ ನಡುವೆ ಗಸ್ಸಾನಿನ ಅರಸನು ‘ನಮ್ಮಲ್ಲಿಗೆ ಬಾ’ ಎಂದು ಕಳಿಸಿದ ಪತ್ರವನ್ನು ಕಅಬ್ (ರ) ಒಲೆಗೆ ಹಾಕಿದರು. ಗಮನಿಸಿ, ಇದನ್ನು ಅವರು ನಾಳೆಗೆ ಇಟ್ಟುಕೊಳ್ಳಲಿಲ್ಲ! ಐವತ್ತನೆಯ ದಿನದ ಫಜ್ರ್ ನಮಾಝಿನ ಬಳಿಕ ಸಲ್ಅ್ ಬೆಟ್ಟದ ಮೇಲಿನಿಂದ ಶುಭವಾರ್ತೆಯ ಕೂಗು ಕೇಳಿಸಿತು. ಅವರ ತೌಬಾ ಸ್ವೀಕೃತವಾಗಿತ್ತು. ಅತ್ತೌಬಾ ಅಧ್ಯಾಯದಲ್ಲಿ ಆ ಮೂವರ ಪ್ರಸ್ತಾಪ ಶಾಶ್ವತವಾಗಿ ಉಳಿಯಿತು. ತನ್ನನ್ನು ಉಳಿಸಿದ್ದು ಸತ್ಯವೇ ಎಂದು ಕಅಬ್ (ರ) ಜೀವನವಿಡೀ ಹೇಳುತ್ತಿದ್ದರು.

ಆದ್ದರಿಂದ ಮೊದಲ ಹೆಜ್ಜೆ ಸತ್ಯ. ‘ಸಮಯ ಸಿಗಲಿಲ್ಲ’ ಎನ್ನುವ ಬದಲು ‘ಸಮಯವಿತ್ತು, ನಾನು ಮಾಡಲಿಲ್ಲ’ ಎಂದು ಹೇಳಿ ನೋಡಿ. ಮೊದಲು ನಿಮಗೆ ನೀವೇ, ಆಮೇಲೆ ಕಾಯುತ್ತಿರುವವರಿಗೆ. ನೆಪ ಎಂಬುದು ಕೆಲಸವನ್ನು ಎರಡನೆಯ ಸಲ ಮುಂದೂಡುವ ಉಪಾಯವಷ್ಟೇ.

ಎರಡನೆಯದು, ಇಂದೇ ಮಾಡಬಹುದಾದ ಅತಿ ಚಿಕ್ಕ ತುಂಡನ್ನು ಇಂದೇ ಮಾಡಿ. ಕಡಿಮೆಯಾದರೂ ನಿರಂತರವಾಗಿ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಆರು ವರ್ಷದ ಬಾಕಿಯನ್ನು ಒಂದೇ ದಿನದಲ್ಲಿ ತೀರಿಸಲಾಗದು. ಆದರೆ ಬೆಲೆ ಕಟ್ಟುವ ಹಿರಿಯರಿಗೆ ಇಂದೇ ಹೇಳಿ ಕಳಿಸಬಹುದು. ಹತ್ತು ಉಪವಾಸ ಬಾಕಿಯಿದ್ದರೆ ಈ ವಾರ ಒಂದು ಹಿಡಿಯಬಹುದು. ಏಣಿಯನ್ನಂತೂ ಈ ಲೇಖನ ಮುಗಿಸಿ ಎದ್ದೊಡನೆ ಕೊಟ್ಟು ಬರಬಹುದು.

ಮೂರನೆಯದು, ದೊಡ್ಡ ಕೆಲಸಕ್ಕೆ ದಿನ ಗೊತ್ತುಪಡಿಸಿ, ಅದನ್ನು ಹಕ್ಕುದಾರರಿಗೆ ತಿಳಿಸಿ. ಆಗ ನಿಮ್ಮ ‘ಸೌಫ’ ಯಅಕೂಬ್‌ರ (ಅ) ‘ಸೌಫ’ದ ಹಾದಿಗೆ ಬರುತ್ತದೆ. ಸಾಧ್ಯವಾದರೆ ಆ ಕೆಲಸವನ್ನು ಫಜ್ರ್‌ನ ನಂತರದ ಹೊತ್ತಿಗೆ ಇಟ್ಟುಕೊಳ್ಳಿ. ತಮ್ಮ ಸಮುದಾಯದ ಮುಂಜಾನೆಗೆ ಬರಕತ್ತನ್ನು ಕೋರಿ ಪ್ರವಾದಿಯವರು (ಸ) ಪ್ರಾರ್ಥಿಸಿದ್ದಾರೆ. ಅದನ್ನು ವರದಿ ಮಾಡಿದ ಸಖರ್ (ರ) ಎಂಬ ವ್ಯಾಪಾರಿ ತನ್ನ ಸರಕನ್ನು ಮುಂಜಾನೆಯೇ ಕಳಿಸುವ ರೂಢಿ ಮಾಡಿಕೊಂಡು ಅನುಕೂಲಸ್ಥರಾದರು.

ಇದು ನಾಳೆಯೂ ಆದೀತು ಎನಿಸಿದರೆ ಇಮಾಮ್ ಗಝ್ಝಾಲಿಯವರು (ರಹ್) ಇಹ್ಯಾದಲ್ಲಿ ಕೊಟ್ಟ ಉಪಮೆಯನ್ನು ನೆನೆಯಿರಿ. ಒಬ್ಬನು ಒಂದು ಮರವನ್ನು ಬೇರುಸಹಿತ ಕೀಳಬೇಕಾಗಿದೆ. ಗಟ್ಟಿಯಾಗಿದೆಯೆಂದು ಮುಂದಿನ ವರ್ಷಕ್ಕೆ ಬಿಡುತ್ತಾನೆ. ಮುಂದಿನ ವರ್ಷಕ್ಕೆ ಮರದ ಬೇರು ಇನ್ನಷ್ಟು ಆಳಕ್ಕೆ ಇಳಿದಿರುತ್ತದೆ, ಅವನ ತೋಳು ಇನ್ನಷ್ಟು ಸೋತಿರುತ್ತದೆ. ಇಂದು ಸಾಧ್ಯವಾಗದ್ದು ನಾಳೆ ಸುಲಭವಾಗುತ್ತದೆಂಬ ಲೆಕ್ಕದಲ್ಲಿ ಎಲ್ಲೋ ತಪ್ಪಿದೆಯಲ್ಲವೇ?

ಕೊನೆಯದಾಗಿ ಮನೆಯ ಒಂದು ಮಾತು. ‘ಹೋಮ್‌ವರ್ಕ್ ಆಮೇಲೆ ಮಾಡುತ್ತೇನೆ’ ಎನ್ನುವ ಮಗುವನ್ನು ನಾವು ಗದರಿಸುತ್ತೇವೆ. ಆ ‘ಆಮೇಲೆ’ಯನ್ನು ಅದು ಕಲಿತದ್ದು ಎಲ್ಲಿಂದ? ಅಝಾನ್ ಕೇಳಿಯೂ ಮೊಬೈಲಿನಿಂದ ತಲೆಯೆತ್ತದೆ ‘ಇನ್ನೂ ಹೊತ್ತಿದೆ’ ಎನ್ನುವ ತಂದೆಯಿಂದ, ‘ಈ ಸಲ ಅಜ್ಜಿಯನ್ನು ನೋಡಲು ಹೋಗೋಣ’ ಎಂದು ಪ್ರತಿ ರಜೆಯಲ್ಲೂ ಹೇಳಿ ಹೋಗದ ತಾಯಿಯಿಂದ. ನಾವು ಕೊಟ್ಟ ಮಾತಿನ ಮೌಲ್ಯವನ್ನು ಮಕ್ಕಳು ನಮಗಿಂತ ಚೆನ್ನಾಗಿ ಲೆಕ್ಕವಿಡುತ್ತಾರೆ.

ಅಲ್‌ಮುನಾಫಿಕೂನ್ ಅಧ್ಯಾಯದ ಕೊನೆಯಲ್ಲಿ ಮರಣದ ಹೊಸ್ತಿಲಲ್ಲಿ ನಿಂತ ಒಬ್ಬನ ಮೊರೆಯಿದೆ. ಇನ್ನು ಸ್ವಲ್ಪ ಕಾಲಾವಕಾಶ ಸಿಕ್ಕಿದ್ದರೆ ದಾನ ಮಾಡಿ ಸಜ್ಜನರಲ್ಲಿ ಸೇರುತ್ತಿದ್ದೆನೆಂದು ಅವನು ಹಂಬಲಿಸುತ್ತಾನೆ. ಅವನು ಬೇಡುತ್ತಿರುವುದು ಏನನ್ನು? ನೂರು ವರ್ಷವನ್ನಲ್ಲ, ಸ್ವಲ್ಪ ಹೊತ್ತನ್ನು. ಗಡುವು ಬಂದ ಮೇಲೆ ಅದು ಯಾರಿಗೂ ಸಿಗದೆಂದು ಆ ಅಧ್ಯಾಯವು ಮುಗಿಯುತ್ತದೆ. ಓದುಗರೇ, ಅವನು ಬೇಡಿ ಪಡೆಯಲಾಗದ ಆ ಸ್ವಲ್ಪ ಹೊತ್ತು ಈಗ ನಿಮ್ಮ ಕೈಯಲ್ಲಿದೆ, ನನ್ನ ಕೈಯಲ್ಲೂ ಇದೆ. ಲೇಖನದ ಆರಂಭದಲ್ಲಿ ನಿಮಗೆ ನೆನಪಾದ ಆ ಒಂದು ಕೆಲಸವನ್ನು ಮರೆತಿಲ್ಲ ತಾನೇ?

ಅಲ್ಲಾಹನು ನಮ್ಮ ಸಂಕಲ್ಪಗಳನ್ನು ಕರ್ಮಗಳಾಗಿಸಲಿ. ಇನ್ನೊಬ್ಬರ ಹಕ್ಕನ್ನು ಹೊತ್ತುಕೊಂಡು ಅವನ ಮುಂದೆ ನಿಲ್ಲುವ ದುರ್ಗತಿಯಿಂದ ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.